ವರದಿಯ ಕೊನೆಯಲ್ಲಿ 'ಓಮ' ಎಂದಿದ್ದರೆ: ಕೂದಲ ಬುಡದಲ್ಲಿ ಹುಟ್ಟುವ ಸಾಧು ಗೆಡ್ಡೆಗಳು

ಅಕ್ಕನ ಮಗನಿಗೆ ಎಂಟು ವರ್ಷ. ಎಡ ಹುಬ್ಬಿನ ತುದಿಯಲ್ಲಿ ಅವರೆಕಾಳಿನಷ್ಟು ಒಂದು ಗಂಟು ವರ್ಷದಿಂದ ಇತ್ತು. ನೋವಿಲ್ಲ, ತುರಿಕೆಯಿಲ್ಲ. ಮುಟ್ಟಿದರೆ ಮಾತ್ರ ಚರ್ಮದಡಿ ಜಲ್ಲಿಕಲ್ಲಿನ ಚೂರು ಸಿಕ್ಕಿಕೊಂಡಂತೆ ಗಟ್ಟಿ. ಸೊಳ್ಳೆ ಕಚ್ಚಿದ್ದಿರಬೇಕು ಅಂದರು ಒಬ್ಬರು, ಬಿದ್ದಾಗ ಮಣ್ಣು ಸೇರಿರಬೇಕು ಅಂದರು ಇನ್ನೊಬ್ಬರು. ಕೊನೆಗೆ ಚರ್ಮದ ವೈದ್ಯರು ಅದನ್ನು ತೆಗೆಸಿ ಲ್ಯಾಬಿಗೆ ಕಳಿಸಿದರು. ವಾರದ ನಂತರ ಒಂದು ರಾತ್ರಿ ಅಕ್ಕನ ಮೊಬೈಲಿಗೆ ವರದಿ ಬಂತು. ಅದರಲ್ಲಿ ಇದ್ದದ್ದು ಒಂದೇ ದಪ್ಪಕ್ಷರದ ಪದ: ಪೈಲೋಮ್ಯಾಟ್ರಿಕೋಮ. ಹನ್ನೊಂದು ಗಂಟೆಗೆ ನನಗೆ ಫೋನ್ ಮಾಡಿದಳು. "ಕೊನೇಲಿ 'ಓಮ' ಅಂತಿದೆ ಕಣೋ. ಕ್ಯಾನ್ಸರ್‌ಗೆ ಹೇಳೋ ಕಾರ್ಸಿನೋಮದಲ್ಲೂ ಇದೇ 'ಓಮ' ತಾನೆ?"

ಮರುದಿನ ವೈದ್ಯರು ಎರಡೇ ನಿಮಿಷದಲ್ಲಿ ಅವಳ ಭಯ ಕಳೆದರು. ಆದರೆ ಆ ರಾತ್ರಿ ಅವಳು ಕಣ್ಣು ಮುಚ್ಚಿರಲಿಲ್ಲ. ಇಂಥ ವರದಿ ಹಿಡಿದು ಕೂತ ಇನ್ನೊಂದು ಮನೆಯವರಿಗೆ ನೆರವಾಗಲಿ ಎಂದು, ಕೂದಲ ಬುಡದಿಂದ ಹುಟ್ಟುವ ಈ ಗೆಡ್ಡೆಗಳು ಏನು, ಯಾಕೆ ಬರುತ್ತವೆ, ಯಾವಾಗ ಅವುಗಳನ್ನು ಗಂಭೀರವಾಗಿ ನೋಡಬೇಕು ಎಂಬುದನ್ನು ಬುಡದಿಂದಲೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ರೋಮಕೂಪ

ಕೂದಲು ಅಂದಕೂಡಲೇ ನಮಗೆ ನೆನಪಾಗುವುದು ಹೊರಗೆ ಕಾಣುವ ಎಳೆ. ಆ ಎಳೆಯಲ್ಲಿ ಜೀವವಿಲ್ಲ. ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ. ಜೀವವಿರುವುದು ಚರ್ಮದೊಳಗೆ, ಆ ಎಳೆ ಹುಟ್ಟುವ ಪುಟ್ಟ ಗುಂಡಿಯಲ್ಲಿ. ಅದೇ ರೋಮಕೂಪ. ಕೂಪ ಎಂದರೆ ಬಾವಿ, ಮತ್ತು ಹೆಸರು ಸರಿಯಾಗಿಯೇ ಇದೆ: ಚರ್ಮದ ಮೇಲ್ಪದರವೇ ಕೆಳಕ್ಕೆ ಇಳಿದು ಈ ಬಾವಿಯ ಗೋಡೆಯಾಗಿದೆ. ಅಂಗೈ, ಅಂಗಾಲು, ತುಟಿಯಂಥ ಕೆಲವು ಜಾಗ ಬಿಟ್ಟರೆ ಮೈತುಂಬ ಇವು ಇವೆ. ಒಟ್ಟು ಸುಮಾರು 50 ಲಕ್ಷ. ತಲೆಯ ಮೇಲೆಯೇ ಸುಮಾರು 1 ಲಕ್ಷ. ಇಷ್ಟೂ ನಾವು ಹುಟ್ಟುವ ಮೊದಲೇ, ತಾಯಿಯ ಗರ್ಭದಲ್ಲೇ ಸಿದ್ಧವಾಗಿರುತ್ತವೆ.

ಬಾವಿಯ ತಳದಲ್ಲಿ ಈರುಳ್ಳಿಯಂತೆ ಉಬ್ಬಿದ ಭಾಗವಿದೆ. ಅಲ್ಲಿರುವ ಕೋಶಗಳ ಗುಂಪಿಗೆ ಮ್ಯಾಟ್ರಿಕ್ಸ್ ಎಂದು ಹೆಸರು. ಇದನ್ನು ಶಾವಿಗೆ ಒರಳಿಗೆ ಹೋಲಿಸಬಹುದು. ಕೆಳಗೆ ಹಿಟ್ಟು ಸಿದ್ಧವಾಗುತ್ತಲೇ ಇರುತ್ತದೆ, ಅಂದರೆ ಕೋಶಗಳು ಒಡೆದು ಎರಡಾಗುತ್ತ ಹೋಗುತ್ತವೆ. ಮೇಲಕ್ಕೆ ತಳ್ಳಿಸಿಕೊಂಡ ಕೋಶಗಳು ತಮ್ಮ ತುಂಬ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಂಡು, ಸತ್ತು, ಒಂದಕ್ಕೊಂದು ಅಂಟಿ ಎಳೆಯಾಗಿ ಹೊರಬರುತ್ತವೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಕೂದಲು ಬೆಳೆಯುವುದು ಹೀಗೆ. ದೇಹದಲ್ಲಿ ಅತಿ ವೇಗವಾಗಿ ಹೆಚ್ಚುವ ಕೋಶಗಳಲ್ಲಿ ಮ್ಯಾಟ್ರಿಕ್ಸ್ ಕೋಶಗಳೂ ಸೇರಿವೆ. ಕೀಮೋಥೆರಪಿ ಪಡೆದವರ ಕೂದಲು ಉದುರುವುದಕ್ಕೂ ಇದೇ ಕಾರಣ: ಬೇಗ ಬೇಗ ಒಡೆಯುವ ಕೋಶಗಳಿಗೇ ಆ ಔಷಧಿಯ ಪೆಟ್ಟು ಹೆಚ್ಚು.

ಎಳೆಯ ಸುತ್ತ ಒಳಪೊರೆ, ಅದರ ಸುತ್ತ ಹೊರಪೊರೆ. ಹೊರಪೊರೆಯ ನಡುಭಾಗದಲ್ಲಿ ಒಂದು ಸಣ್ಣ ಉಬ್ಬು. ಅಲ್ಲಿ ಮೂಲಕೋಶಗಳು, ಬಿತ್ತನೆಗೆಂದು ತೆಗೆದಿಟ್ಟ ಬೀಜದಂತೆ, ಕಾದು ಕೂತಿರುತ್ತವೆ. ಇನ್ನೂ ಮೇಲೆ, ಬಾವಿಯ ಕಂಠದ ಬಳಿ, ಎಣ್ಣೆಗ್ರಂಥಿ ಬಂದು ಸೇರುತ್ತದೆ. ಅದರ ಮೇಲಿನದು ಬಾವಿಯ ಬಾಯಿ.

ರೋಮಕೂಪಕ್ಕೆ ದೇಹದ ಬೇರೆ ಅಂಗಗಳಲ್ಲಿ ಅಪರೂಪವಾದ ಒಂದು ಅಭ್ಯಾಸವಿದೆ. ತಲೆಯ ಒಂದು ಕೂದಲು 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರಗಳಲ್ಲಿ ರೋಮಕೂಪದ ಕೆಳಭಾಗ ತಾನೇ ಕುಗ್ಗಿಹೋಗುತ್ತದೆ. ಸುಮಾರು ಮೂರು ತಿಂಗಳು ಸುಮ್ಮನಿದ್ದು, ಹಳೆಯ ಕೂದಲು ಉದುರಿ, ಮೂಲಕೋಶಗಳಿಂದ ಕೆಳಭಾಗ ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮನೆ ಕೆಡವು, ಮತ್ತೆ ಕಟ್ಟು, ಮತ್ತೆ ಕೆಡವು, ಜೀವಮಾನವಿಡೀ ಇದೇ. ಕಟ್ಟಲು ಒಂದು ಸಂಕೇತ ಬೇಕು, ನಿಲ್ಲಿಸಲು ಇನ್ನೊಂದು. ಲಕ್ಷಾಂತರ ಕೂಪಗಳಲ್ಲಿ ಯಾವುದಾದರೂ ಒಂದರ ಯಾವುದಾದರೂ ಒಂದು ಕೋಶದಲ್ಲಿ 'ನಿಲ್ಲಿಸು' ಎಂಬ ಸಂಕೇತ ಕೆಟ್ಟರೆ ಅಲ್ಲಿ ಗಂಟು ಏಳುತ್ತದೆ.

ಗಂಟು, ಗೆಡ್ಡೆ, ಕ್ಯಾನ್ಸರ್: ಮೂರೂ ಒಂದೇ ಅಲ್ಲ

ಮೈಮೇಲೆ ಕೈಗೆ ಸಿಗುವ ಯಾವ ಉಬ್ಬನ್ನಾದರೂ ನಾವು ಗಂಟು ಅನ್ನುತ್ತೇವೆ. ಅದು ಕೀವು ತುಂಬಿದ ಕುರುವೂ ಆಗಿರಬಹುದು, ಕೊಬ್ಬಿನ ಗಂಟೂ ಆಗಿರಬಹುದು, ವೈರಸ್‌ನಿಂದ ಬರುವ ನರಹುಲಿಯೂ ಆಗಿರಬಹುದು. ವೈದ್ಯರು ಗೆಡ್ಡೆ ಅಥವಾ ಟ್ಯೂಮರ್ ಅನ್ನುವುದು ಕೋಶಗಳು ಲೆಕ್ಕ ಮೀರಿ ಹೆಚ್ಚಿ ಉಂಟಾದ ಬೆಳವಣಿಗೆಗೆ. ಅದರಲ್ಲಿ ಎರಡು ಬಗೆ. ಸಾಧು ಗೆಡ್ಡೆ ತನ್ನ ಹೊಲದ ಬದುವಿನೊಳಗೇ ಬೆಳೆಯುತ್ತದೆ. ದೊಡ್ಡದಾದರೂ ಬದು ದಾಟುವುದಿಲ್ಲ. ಮಾರಕ ಗೆಡ್ಡೆ, ಅಂದರೆ ಕ್ಯಾನ್ಸರ್, ಬದು ಒಡೆದು ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಅದರ ಬೀಜಗಳು ರಕ್ತನಾಳ, ದುಗ್ಧನಾಳಗಳ ನೀರು ಹಿಡಿದು ದೂರದ ಹೊಲಗಳಲ್ಲೂ ಮೊಳೆಯಬಲ್ಲವು.

ಇನ್ನು ಅಕ್ಕನ ನಿದ್ದೆ ಕೆಡಿಸಿದ 'ಓಮ'. ಗ್ರೀಕ್ ಮೂಲದ ಈ ಬಾಲಕ್ಕೆ ವೈದ್ಯಶಾಸ್ತ್ರದಲ್ಲಿ ಹೆಚ್ಚೂಕಡಿಮೆ 'ಉಬ್ಬು, ಬೆಳವಣಿಗೆ' ಎಂಬಷ್ಟೇ ಅರ್ಥ. ಕಾರ್ಸಿನೋಮ, ಮೆಲನೋಮ, ಲಿಂಫೋಮ ಕ್ಯಾನ್ಸರ್‌ಗಳು ಹೌದು. ಆದರೆ ಲೈಪೋಮ ಎಂದರೆ ಬರೀ ಕೊಬ್ಬಿನ ಗಂಟು. ಹೆಮಟೋಮ ಎಂದರೆ ಏಟು ಬಿದ್ದಾಗ ಒಳಗೆ ಹೆಪ್ಪುಗಟ್ಟಿದ ರಕ್ತ; ಅದು ಗೆಡ್ಡೆಯೇ ಅಲ್ಲ. ಆದ್ದರಿಂದ ಬಾಲ ನೋಡಿ ಹೆದರುವ ಬದಲು ಪದದ ತಲೆ ನೋಡಬೇಕು. 'ಟ್ರೈಕೋ' ಎಂದಿದ್ದರೆ ಗ್ರೀಕ್‌ನಲ್ಲಿ ಕೂದಲು, 'ಪೈಲೋ' ಎಂದಿದ್ದರೆ ಲ್ಯಾಟಿನ್‌ನಲ್ಲಿ ಕೂದಲು. ನಾವು ಮೂಲವ್ಯಾಧಿಗೆ ಹೇಳುವ ಪೈಲ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಹೀಗೆ ಬಿಡಿಸಿದರೆ ಪೈಲೋಮ್ಯಾಟ್ರಿಕೋಮ ಎಂದರೆ 'ಕೂದಲ ಮ್ಯಾಟ್ರಿಕ್ಸ್‌ನಿಂದ ಎದ್ದ ಉಬ್ಬು'. ಮ್ಯಾಟ್ರಿಕ್ಸ್ ಎಂಬ ಪದದೊಳಗೆ 'ತಾಯಿ' ಎಂಬ ಲ್ಯಾಟಿನ್ ಮಾತು ಅಡಗಿದೆ.

ಈ ಗುಂಪಿನ ಹೆಸರುಗಳೆಲ್ಲ ಹೀಗೇ ಹುಟ್ಟಿವೆ. ರೋಮಕೂಪದ ಯಾವ ಭಾಗದಂತೆ ಗೆಡ್ಡೆ ಕಾಣುತ್ತದೋ ಆ ಭಾಗದ ಹೆಸರು ಅದಕ್ಕೆ. ತಳದ ಮ್ಯಾಟ್ರಿಕ್ಸ್‌ನಂತಿದ್ದರೆ ಒಂದು ಹೆಸರು, ಹೊರಪೊರೆಯಂತಿದ್ದರೆ ಇನ್ನೊಂದು, ಇಡೀ ಕೂಪವನ್ನೇ ಅರೆಬರೆ ಕಟ್ಟಲು ಹೊರಟಂತಿದ್ದರೆ ಮತ್ತೊಂದು.

ಮಕ್ಕಳ ಚರ್ಮದೊಳಗಿನ ಕಲ್ಲು

ಪೈಲೋಮ್ಯಾಟ್ರಿಕೋಮ ಹೆಚ್ಚಾಗಿ ಕಾಣಿಸುವುದು ಮೊದಲ ಇಪ್ಪತ್ತು ವರ್ಷಗಳಲ್ಲಿ. ನಡುವಯಸ್ಸು ದಾಟಿದವರಲ್ಲೂ ಬರುವುದುಂಟು. ಮುಖ, ಕುತ್ತಿಗೆ, ತೋಳು ಇದರ ಮಾಮೂಲಿ ಜಾಗಗಳು. ಸಾಮಾನ್ಯವಾಗಿ ಒಂದೇ ಗಂಟು, ನಿಧಾನದ ಬೆಳವಣಿಗೆ. ಮೇಲಿನ ಚರ್ಮ ಕೆಲವೊಮ್ಮೆ ನೀಲಿಯಾಗಿ ಅಥವಾ ಕೆಂಪಾಗಿ ಕಾಣುತ್ತದೆ. ಗುರುತು ಹಿಡಿಯಲು ದೊಡ್ಡ ಸುಳಿವು ಅದರ ಕಲ್ಲಿನಂಥ ಗಡಸುತನ. ಗಂಟಿನ ಮೇಲಿನ ಚರ್ಮವನ್ನು ಎರಡು ಬೆರಳಿನಿಂದ ಹಿಗ್ಗಿಸಿದರೆ ಗುಂಡಗೆ ಕಾಣುವ ಬದಲು ಗುಡಾರದ ಬಟ್ಟೆಯಂತೆ ಮೂಲೆ ಮೂಲೆಯಾಗಿ ಎದ್ದು ಕಾಣುತ್ತದೆ. ಒಂದು ಅಂಚನ್ನು ಒತ್ತಿದರೆ ಪಾರ್ಕಿನ ಸೀ-ಸಾದಂತೆ ಇನ್ನೊಂದು ಅಂಚು ಮೇಲೇಳುತ್ತದೆ. ಅನುಭವಿ ವೈದ್ಯರು ಬೆರಳಿನಲ್ಲೇ ಅರ್ಧ ನಿರ್ಣಯ ಮಾಡುವುದು ಹೀಗೆ.

ಅದು ಅಷ್ಟು ಗಟ್ಟಿಯಾಗುವುದೇಕೆ? ಮತ್ತೆ ಶಾವಿಗೆ ಒರಳಿಗೆ ಬನ್ನಿ. ಇಲ್ಲಿ ಹಿಟ್ಟು ಸಿದ್ಧವಾಗುತ್ತಲೇ ಇದೆ, ಎಳೆ ಮಾತ್ರ ಹೊರಬರುತ್ತಿಲ್ಲ. ಮ್ಯಾಟ್ರಿಕ್ಸ್ ಕೋಶಗಳು ಕೂದಲಾಗಲು ಹೊರಡುತ್ತವೆ, ಕೆರಾಟಿನ್ ತುಂಬಿಕೊಳ್ಳುತ್ತವೆ, ಸಾಯುತ್ತವೆ. ಆದರೆ ಎಳೆಯ ಆಕಾರಕ್ಕೆ ಸೇರದೆ ಅಲ್ಲೇ ರಾಶಿ ಬೀಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಸತ್ತ ಕೋಶಗಳ ಹೊರಗೆರೆ ಉಳಿದಿರುತ್ತದೆ, ನಡುವಿನ ಕೋಶಕೇಂದ್ರ ಮಾಯವಾಗಿರುತ್ತದೆ. ಚಿಟ್ಟೆ ಹಾರಿಹೋದ ಮೇಲೆ ಉಳಿದ ರೇಷ್ಮೆಗೂಡು ಇದ್ದಂತೆ. ಇವುಗಳಿಗೆ 'ಪ್ರೇತಕೋಶ' ಅಥವಾ 'ನೆರಳುಕೋಶ' ಎಂಬರ್ಥದ ಹೆಸರಿದೆ. ವರದಿಯಲ್ಲಿ 'ಘೋಸ್ಟ್ ಸೆಲ್' ಎಂದು ಓದಿ ಯಾರೂ ಹೌಹಾರಬೇಕಿಲ್ಲ. ಈ ಗೆಡ್ಡೆಯನ್ನು ಖಚಿತಪಡಿಸುವ ಗುರುತೇ ಅದು. ಇಂಥ ಸತ್ತ ರಾಶಿಯ ಮೇಲೆ ಕಾಲಕ್ರಮೇಣ ಕ್ಯಾಲ್ಸಿಯಂ ಕಟ್ಟುತ್ತದೆ, ಬೋರ್‌ವೆಲ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಪದರ ಕಟ್ಟುವಂತೆ. ಕೆಲವು ಗಂಟುಗಳಲ್ಲಿ ಮೂಳೆಯಂಥ ಅಂಶವೂ ಬೆಳೆದಿರುತ್ತದೆ.

ಫ್ರಾನ್ಸಿನ ಮಾಲೆರ್ಬ್ ಮತ್ತು ಶೆನಾಂಟೆ 1880ರಲ್ಲಿ ಇದನ್ನು ವಿವರಿಸಿದಾಗ, ಎಣ್ಣೆಗ್ರಂಥಿಯಿಂದ ಹುಟ್ಟಿ ಸುಣ್ಣಗಟ್ಟಿದ ಗೆಡ್ಡೆ ಎಂದು ಭಾವಿಸಿದ್ದರು. ಅಮೆರಿಕದ ಫೋರ್ಬಿಸ್ ಮತ್ತು ಹೆಲ್ವಿಗ್ ಅದರ ನಿಜವಾದ ತವರು ಕೂದಲ ಮ್ಯಾಟ್ರಿಕ್ಸ್ ಎಂದು ತೋರಿಸಿ ಈಗಿನ ಹೆಸರಿಟ್ಟದ್ದು 1961ರಲ್ಲಿ. ಎಂಬತ್ತು ವರ್ಷ ಅದು ತಪ್ಪು ತವರಿನ ಹೆಸರಲ್ಲೇ ಬದುಕಿತ್ತು.

ಒಳಗಿನ ಯಂತ್ರದಲ್ಲಿ ಏನು ಕೆಟ್ಟಿದೆ ಎಂಬುದು ಗೊತ್ತಾದ ಬಗೆ ನನಗೆ ಈ ವಿಷಯದಲ್ಲೇ ಅತ್ಯಂತ ಸೊಗಸಾದ ಭಾಗ ಅನ್ನಿಸುತ್ತದೆ. ಬೀಟಾ-ಕೆಟೆನಿನ್ ಎಂಬ ಪ್ರೋಟೀನ್ ರೋಮಕೂಪಕ್ಕೆ 'ಕೂದಲು ಕಟ್ಟು' ಎಂದು ಹೇಳುವ ದೂತ. ಕೆಲಸ ಮುಗಿದ ಮೇಲೆ ಕೋಶ ಆ ದೂತನನ್ನು ಒಡೆದು ಹಾಕುತ್ತದೆ. 1998ರಲ್ಲಿ ಶಿಕಾಗೋದ ವಿಜ್ಞಾನಿ ಎಲೈನ್ ಫುಕ್ಸ್ ಅವರ ತಂಡ, ಒಡೆಯಲಾಗದ ಬೀಟಾ-ಕೆಟೆನಿನ್ ಇರುವ ಇಲಿಗಳನ್ನು ಬೆಳೆಸಿತು. ಹುಟ್ಟಿದ ಮೇಲೆ ಹೊಸ ರೋಮಕೂಪ ಮೂಡುವುದಿಲ್ಲ ಎಂಬ ನಿಯಮ ಆ ಇಲಿಗಳಲ್ಲಿ ಮುರಿಯಿತು: ಮೈತುಂಬ ಹೊಸ ಕೂಪಗಳು ಮೂಡಿದವು, ಆಮೇಲೆ ಪೈಲೋಮ್ಯಾಟ್ರಿಕೋಮದಂಥ ಗೆಡ್ಡೆಗಳೂ ಎದ್ದವು. ಹಾಗಾದರೆ ಮನುಷ್ಯರಲ್ಲಿ? ಮುಂದಿನ ವರ್ಷವೇ, 1999ರಲ್ಲಿ, ಅದೇ ತಂಡ ಮನುಷ್ಯರಿಂದ ತೆಗೆದ ಗೆಡ್ಡೆಗಳನ್ನು ಪರೀಕ್ಷಿಸಿತು. ಕನಿಷ್ಠ ನೂರಕ್ಕೆ 75ರಲ್ಲಿ ಬೀಟಾ-ಕೆಟೆನಿನ್ ವಂಶವಾಹಿ ಕೆಟ್ಟಿತ್ತು, ಅದೂ ದೂತನನ್ನು ಒಡೆಯಲು ಬೇಕಾದ ಹಿಡಿಯ ಜಾಗದಲ್ಲೇ. ಹಾಗಾಗಿ ದೂತ 'ಕಟ್ಟು, ಕಟ್ಟು' ಎಂದು ನಿಲ್ಲದೆ ಕೂಗುತ್ತಲೇ ಇದ್ದ.

ಈ ಕೆಡುಕು ಸಾಮಾನ್ಯವಾಗಿ ಆ ಗಂಟಿನ ಕೋಶಗಳಲ್ಲಿ ಮಾತ್ರ ಇರುತ್ತದೆ. ಮಗುವಿನ ಉಳಿದ ದೇಹದಲ್ಲಿರುವುದಿಲ್ಲ, ಅಪ್ಪ ಅಮ್ಮನಿಂದ ಬಂದದ್ದೂ ಅಲ್ಲ. ಗರ್ಭಿಣಿಯಾಗಿದ್ದಾಗ ಏನೋ ತಿಂದದ್ದಕ್ಕೆ, ಗ್ರಹಣ ನೋಡಿದ್ದಕ್ಕೆ ಇದು ಬಂತು ಎಂದು ತಾಯಂದಿರು ತಮ್ಮನ್ನೇ ಹಳಿದುಕೊಳ್ಳುವುದನ್ನು ಕೇಳಿದ್ದೇನೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಈ ಗೆಡ್ಡೆ ತಾನಾಗಿ ಕರಗುವುದು ಅಪರೂಪ. ಮಾತ್ರೆ, ಮುಲಾಮುಗಳಿಂದ ಹೋಗುವುದಿಲ್ಲ. ಚಿಕ್ಕ ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆದರೆ ಮರಳಿ ಬರುವುದು ಬಲು ಕಡಿಮೆ. ಕ್ಯಾನ್ಸರ್ ರೂಪ ಇದೆ, ಆದರೆ ತೀರಾ ವಿರಳ, ಅದೂ ಹೆಚ್ಚಾಗಿ ವಯಸ್ಸಾದವರಲ್ಲಿ.

ನಮ್ಮಲ್ಲಿ ಇದನ್ನು ಬೇರೊಂದಕ್ಕೆ ತಪ್ಪು ತಿಳಿಯುವ ಸಂಭವ ಹೆಚ್ಚು. ಮಗುವಿನ ಕುತ್ತಿಗೆಯಲ್ಲಿ ಗಟ್ಟಿ ಗಂಟು ಎಂದರೆ ಮೊದಲು ಹೊಳೆಯುವುದು ಟಿ.ಬಿ. ಗಡ್ಡೆ. ಕಿವಿಯ ಮುಂದಿದ್ದರೆ ಜೊಲ್ಲುಗ್ರಂಥಿಯ ಗೆಡ್ಡೆ ಎಂಬ ಅನುಮಾನ. ಇನ್ನೊಂದು ತೊಡಕು ಸೂಜಿ ಪರೀಕ್ಷೆಯದು. ಸೂಜಿಯಲ್ಲಿ ಎಳೆದ ಚೂರಿನಲ್ಲಿ ಪ್ರೇತಕೋಶಗಳು ಬಾರದೆ, ವೇಗವಾಗಿ ಒಡೆಯುವ ಮ್ಯಾಟ್ರಿಕ್ಸ್ ಕೋಶಗಳು ಮಾತ್ರ ಬಂದರೆ, ಅವು ನೋಡಲು ಕ್ಯಾನ್ಸರ್ ಕೋಶಗಳಂತೆಯೇ ಕಾಣಬಹುದು. ಹಾಗೆ ಬಂದ ಒಂದು ಸೂಜಿ ವರದಿಯನ್ನೇ ಕೊನೆಯ ಮಾತು ಎಂದುಕೊಳ್ಳಬಾರದು. ಇಡೀ ಗಂಟನ್ನು ತೆಗೆದು ನೋಡಿದಾಗಲೇ ಚಿತ್ರ ಪೂರ್ಣ.

ನೆತ್ತಿಯ ಮೇಲಿನ ನುಣುಪು ಉಂಡೆ

ತಲೆ ಬಾಚುವಾಗ ಬಾಚಣಿಗೆಗೆ ಎಡವುವ, ಗೋಲಿಯಂತೆ ಗುಂಡಗಿರುವ ಗಂಟು ಅನೇಕ ಮನೆಗಳಲ್ಲಿ ಒಬ್ಬರಿಗಾದರೂ ಇರುತ್ತದೆ. ಇದು ಪೈಲಾರ್ ಸಿಸ್ಟ್. ಹತ್ತರಲ್ಲಿ ಒಂಬತ್ತು ತಲೆಯ ಮೇಲೆಯೇ ಇರುತ್ತವೆ. ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಅಮ್ಮನಿಗಿದ್ದರೆ ಮಗಳಿಗೆ, ಅಕ್ಕನಿಗಿದ್ದರೆ ತಮ್ಮನಿಗೆ ಎಂಬಂತೆ ಮನೆತನದಲ್ಲಿ ಸಾಗುವುದೂ ಉಂಟು. ಸರಿಯಾಗಿ ಹೇಳುವುದಾದರೆ ಇದು ಗೆಡ್ಡೆಯಲ್ಲ, ಚೀಲ. ರೋಮಕೂಪದ ಹೊರಪೊರೆಯ ನಡುಭಾಗ ಚೀಲದಂತೆ ಮುಚ್ಚಿಕೊಂಡು, ಗೋಡೆಯಿಂದ ಉದುರಿದ ಕೆರಾಟಿನ್ ಒಳಗೇ ತುಂಬುತ್ತ ಹೋಗುತ್ತದೆ.

ಇದನ್ನು 'ಸೆಬೇಸಿಯಸ್ ಸಿಸ್ಟ್', ಎಣ್ಣೆಗ್ರಂಥಿಯ ಗಂಟು ಎಂದು ಆಸ್ಪತ್ರೆಗಳಲ್ಲೂ ಕರೆಯುವ ರೂಢಿಯಿದೆ. ಹೆಸರು ತಪ್ಪು. ಒಳಗಿನ ಬಿಳಿ ಗಿಣ್ಣದಂಥ ವಸ್ತು ಎಣ್ಣೆಯಲ್ಲ, ಕೆರಾಟಿನ್. ಆದ್ದರಿಂದ ತಲೆಗೆ ಎಣ್ಣೆ ಹಚ್ಚುವುದಕ್ಕೂ ಬಿಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂಡಿ ತೆಗೆದರೆ ಒಳಗಿನದು ಹೊರಬರುತ್ತದೆ, ಚೀಲ ಉಳಿಯುತ್ತದೆ, ಚೀಲ ಮತ್ತೆ ತುಂಬುತ್ತದೆ. ವೈದ್ಯರು ಚರ್ಮ ಸೀಳಿ, ನೆನೆದ ಅವರೆಕಾಳನ್ನು ಸಿಪ್ಪೆಯಿಂದ ಹಿತುಕಿದಂತೆ ಇಡೀ ಚೀಲವನ್ನು ಒಡೆಯದೆ ಹೊರಗೆ ಜಾರಿಸುತ್ತಾರೆ. ಆಗಲೇ ಅದು ಮುಗಿದಂತೆ.

ಮೂಗಿನ ಪಕ್ಕದ ಸಣ್ಣ ಕಾಳುಗಳು

ಟ್ರೈಕೋಎಪಿಥೀಲಿಯೋಮ ಎಂಬುದು ಮೈಬಣ್ಣದ, ನುಣುಪಾದ, ಸಾಸಿವೆಯಿಂದ ಹೆಸರುಕಾಳಿನಷ್ಟು ಗಾತ್ರದ ಗುಳ್ಳೆ. ಒಂಟಿಯಾಗಿ ಬಂದರೆ ಮುಖದ ಮೇಲೆ, ವಯಸ್ಕರಲ್ಲಿ. ಅದಕ್ಕೆ ಹೆಚ್ಚಿನ ಮಾತು ಬೇಡ. ಗುಂಪಾಗಿ ಬಂದಾಗ ಕಥೆ ಬೇರೆ.

ಗುಂಪಾಗಿ ಬರುವವರಿಗೆ ಬಾಲ್ಯದ ಕೊನೆಯಲ್ಲೋ ಹರೆಯದಲ್ಲೋ ಮೂಗಿನ ಎರಡೂ ಪಕ್ಕ, ಮೂಗಿನಿಂದ ತುಟಿಯಂಚಿಗೆ ಇಳಿಯುವ ಗೆರೆಯಲ್ಲಿ, ಹಣೆ ಮತ್ತು ಮೇಲ್ತುಟಿಯ ಮೇಲೆ ಕಾಳುಗಳು ಮೂಡತೊಡಗುತ್ತವೆ. ವರ್ಷ ಕಳೆದಂತೆ ಹೆಚ್ಚುತ್ತವೆ. ಮೊದಮೊದಲು ಮೊಡವೆ ಎಂದೇ ಎಲ್ಲರೂ ತಿಳಿಯುತ್ತಾರೆ. ಮೊಡವೆ ಕ್ರೀಮು, ಮನೆಮದ್ದು ಎಲ್ಲ ನಡೆಯುತ್ತದೆ. ಮೊಡವೆ ಬಂದು ಹೋಗುತ್ತದೆ, ಕೀವಾಗುತ್ತದೆ, ಜಾಗ ಬದಲಿಸುತ್ತದೆ. ಈ ಕಾಳು ಹುಟ್ಟಿದಲ್ಲೇ ಕೂತು ಉಳಿಯುತ್ತದೆ. ಈ ವ್ಯತ್ಯಾಸವೊಂದು ಗೊತ್ತಿದ್ದರೆ ಎಷ್ಟೋ ವರ್ಷಗಳ ಅಲೆದಾಟ ತಪ್ಪುತ್ತದೆ.

ಇಂಗ್ಲೆಂಡಿನ ಹೆನ್ರಿ ಬ್ರೂಕ್ ಇದನ್ನು 1892ರಲ್ಲಿ ವಿವರಿಸಿದರು. 1899ರಲ್ಲಿ ವಿಯೆನ್ನಾದ ಎಡ್ವರ್ಡ್ ಸ್ಪೀಗ್ಲರ್ ನೆತ್ತಿಯ ಮೇಲೆ ಬೆಳೆಯುವ ಸಿಲಿಂಡ್ರೋಮ ಎಂಬ ಗಂಟುಗಳ ಬಗ್ಗೆ ಬರೆದರು. ಅವು ಒತ್ತೊತ್ತಾಗಿ ಬೆಳೆದು ತಲೆಗೆ ಪೇಟ ಸುತ್ತಿದಂತೆ ಕಾಣುವುದರಿಂದ 'ಪೇಟದ ಗೆಡ್ಡೆ' ಎಂಬ ಹೆಸರೂ ಬಂದಿದೆ. ಒಂದೇ ಮನೆತನದಲ್ಲಿ, ಕೆಲವೊಮ್ಮೆ ಒಬ್ಬರಲ್ಲೇ, ಈ ಎರಡೂ ಕಾಣಿಸುತ್ತವೆ ಎಂಬುದು ಆಮೇಲೆ ತಿಳಿಯಿತು. ಇಬ್ಬರ ಹೆಸರನ್ನೂ ಸೇರಿಸಿ ಬ್ರೂಕ್-ಸ್ಪೀಗ್ಲರ್ ಸಿಂಡ್ರೋಮ್ ಎನ್ನುತ್ತಾರೆ.

ಕಾರಣ 2000ದಲ್ಲಿ ಪತ್ತೆಯಾಯಿತು: 16ನೇ ವರ್ಣತಂತುವಿನ ಮೇಲಿರುವ ಸಿ.ವೈ.ಎಲ್.ಡಿ. ಎಂಬ ವಂಶವಾಹಿ. ಇದು ಕೋಶದ ಬ್ರೇಕು. ಬಹುತೇಕ ಎಲ್ಲ ವಂಶವಾಹಿಗಳೂ ನಮ್ಮಲ್ಲಿ ಎರಡೆರಡು ಪ್ರತಿ, ತಾಯಿಯದೊಂದು ತಂದೆಯದೊಂದು. ಹಾಗಾಗಿ ಸೈಕಲ್ಲಿಗೆ ಹಿಂದೆ ಮುಂದೆ ಎರಡು ಬ್ರೇಕು ಇದ್ದಂತೆ. ಈ ಮನೆತನದವರಿಗೆ ಹುಟ್ಟುವಾಗಲೇ ಒಂದು ಬ್ರೇಕು ಕೆಟ್ಟಿರುತ್ತದೆ. ಇನ್ನೊಂದರಲ್ಲಿ ಕೆಲಸ ಸಾಗುತ್ತಿರುತ್ತದೆ. ಯಾವ ರೋಮಕೂಪದ ಕೋಶದಲ್ಲಿ ಆ ಎರಡನೆಯದೂ ಆಕಸ್ಮಿಕವಾಗಿ ಕೆಡುತ್ತದೋ ಅಲ್ಲೊಂದು ಕಾಳು. ಹೀಗೆ ಒಂದೊಂದಾಗಿ, ವರ್ಷಗಳುದ್ದಕ್ಕೂ. ಕೆಟ್ಟ ಪ್ರತಿ ಹೊಂದಿದ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮೊದಲ ಮಗುವಿಗೆ ಬಂತು ಎಂದಮಾತ್ರಕ್ಕೆ ಎರಡನೆಯದಕ್ಕೆ ಬರುವುದಿಲ್ಲ ಎಂದಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿಯೇ ಚಿಮ್ಮುತ್ತದೆ.

ಇಲ್ಲಿ ವೈದ್ಯರಿಗೂ ಕಷ್ಟವಾಗುವ ಒಂದು ಸಂಗತಿಯಿದೆ. ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್, ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ, ಟ್ರೈಕೋಎಪಿಥೀಲಿಯೋಮವನ್ನು ಬಹಳ ಹೋಲುತ್ತದೆ. ಬಿಳಿ ತೊಗಲಿನ ಜನರಲ್ಲಿ ಅತಿ ಸಾಮಾನ್ಯವಾದ ಈ ಕ್ಯಾನ್ಸರ್ ನಮ್ಮ ಕಂದು ಚರ್ಮದಲ್ಲಿ ಕಡಿಮೆ. ಚರ್ಮದ ಮೆಲನಿನ್ ಬಣ್ಣ ಬಿಸಿಲಿನ ಅತಿನೇರಳೆ ಕಿರಣಕ್ಕೆ ಕೊಡೆ ಹಿಡಿಯುತ್ತದೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಆದ್ದರಿಂದ ವೈದ್ಯರು ಒಂದೆರಡು ಕಾಳು ತೆಗೆದು ಪರೀಕ್ಷಿಸೋಣ ಎಂದರೆ ಅದರಲ್ಲಿ ಅನುಮಾನಕ್ಕಿಂತ ಎಚ್ಚರವೇ ಹೆಚ್ಚು. ಇರುವ ಕಾಳುಗಳಲ್ಲಿ ಒಂದು ಬೇಗ ದೊಡ್ಡದಾದರೆ, ಹುಣ್ಣಾದರೆ, ರಕ್ತ ಒಸರಿದರೆ ತಡಮಾಡದೆ ತೋರಿಸಬೇಕು.

ಚಿಕಿತ್ಸೆ? ಲೇಸರ್, ವಿದ್ಯುತ್ ಸೂಜಿ, ಚರ್ಮ ಸವರುವ ವಿಧಾನಗಳಿಂದ ಮುಖ ಸಮತಟ್ಟಾಗುತ್ತದೆ. ಆದರೆ ಬ್ರೇಕು ಕೆಟ್ಟಿರುವುದು ಎಲ್ಲ ಕೋಶಗಳಲ್ಲೂ ಆದ್ದರಿಂದ ಹೊಸ ಕಾಳು ಮತ್ತೆ ಮೂಡುತ್ತದೆ. 'ಒಂದೇ ಸಲಕ್ಕೆ ಶಾಶ್ವತ ಪರಿಹಾರ' ಎಂದು ಯಾರಾದರೂ ದುಡ್ಡು ಕೇಳಿದರೆ ಈ ಮಾತು ನೆನಪಿರಲಿ. ಇನ್ನು ಮದುವೆಯ ವಯಸ್ಸಿನ ಹುಡುಗಿಯರು ಈ ಕಾಳುಗಳಿಂದ ಪಡುವ ಪಾಡು ಸಣ್ಣದಲ್ಲ. ಇದು ಅಂಟುರೋಗವಲ್ಲ, ಕೊಳೆಯಿಂದ ಬಂದದ್ದಲ್ಲ ಎಂದು ಸುತ್ತಲಿನವರಿಗೆ ಗೊತ್ತಿದ್ದರೆ ಅರ್ಧ ನೋವು ಇಳಿಯುತ್ತದೆ.

ಗಂಟು ಒಳಗಿನ ಸುದ್ದಿ ಹೇಳಿದಾಗ

ಒಂದೇ ಗಂಟು ಆ ಜಾಗದ ವಿಷಯ. ಹಲವು ಗಂಟುಗಳು, ಅದರಲ್ಲೂ ಮನೆಯ ಇತರರಿಗೂ ಇದ್ದರೆ, ಅದು ಇಡೀ ದೇಹದ ವಿಷಯವಾಗಿರಬಹುದು. ಇವು ಅಪರೂಪದ ಸ್ಥಿತಿಗಳು. ಆದರೂ ಚರ್ಮದ ಮೇಲಿನ ನಿರುಪದ್ರವಿ ಕಾಳು ಮೊದಲೇ ಕೊಟ್ಟ ಸೂಚನೆಯಿಂದ ಜೀವ ಉಳಿಯಬಹುದಾದ್ದರಿಂದ ತಿಳಿದಿರಬೇಕಾದವು.

ಹೊರಪೊರೆಯಿಂದ ಹುಟ್ಟುವ ಟ್ರೈಕಿಲೆಮ್ಮೋಮ ಒಂಟಿಯಾಗಿದ್ದರೆ ನರಹುಲಿಯಂಥ ಸಣ್ಣ ಗುಳ್ಳೆಯಷ್ಟೆ. ಮುಖದ ಮೇಲೆ ಹಲವಾರು ಇದ್ದು, ಬಾಯೊಳಗೆ ವಸಡಿನ ಮೇಲೂ ಚಿಕ್ಕ ಚಿಕ್ಕ ಉಬ್ಬುಗಳಿದ್ದರೆ ಕೌಡೆನ್ ಸಿಂಡ್ರೋಮ್ ನೆನಪಾಗಬೇಕು. ಇದರಲ್ಲಿ ಪಿಟೆನ್ ಎಂಬ ಇನ್ನೊಂದು ಬ್ರೇಕು ಕೆಟ್ಟಿರುತ್ತದೆ. ಈ ನಂಟು ಗೊತ್ತಾದದ್ದು 1997ರಲ್ಲಿ. ಇಂಥವರಿಗೆ ಸ್ತನ, ಥೈರಾಯ್ಡ್, ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಹೆಚ್ಚು. ಮೊದಲೇ ಗೊತ್ತಾದರೆ ತಪಾಸಣೆ ಬೇಗ ಶುರುಮಾಡಬಹುದು.

ಕೆನಡಾದ ಬರ್ಟ್, ಹಾಗ್, ಡ್ಯೂಬೆ ಎಂಬ ಮೂವರು ವೈದ್ಯರು 1977ರಲ್ಲಿ ಒಂದು ಕುಟುಂಬವನ್ನು ಕುರಿತು ಬರೆದರು. ಮೂಗು, ಕೆನ್ನೆ, ಕುತ್ತಿಗೆಯ ಮೇಲೆ ಬಿಳಿಚಿದ ಸಣ್ಣ ಗುಮ್ಮಟದಂಥ ಗುಳ್ಳೆಗಳು, ಹೆಸರು ಫೈಬ್ರೋಫಾಲಿಕ್ಯುಲೋಮ. ಸಾಮಾನ್ಯವಾಗಿ ಇಪ್ಪತ್ತು ದಾಟಿದ ಮೇಲೆ ಬರುವಂಥವು. ಈ ಸ್ಥಿತಿಯವರ ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳಿದ್ದು ಅವು ಒಡೆದು ಇದ್ದಕ್ಕಿದ್ದಂತೆ ಎದೆನೋವು, ಉಸಿರಾಟದ ತೊಂದರೆ ಆಗಬಹುದು. ಮೂತ್ರಪಿಂಡದಲ್ಲಿ ಗೆಡ್ಡೆ ಬೆಳೆಯಬಹುದು ಎಂಬುದು ಕಾಲಕ್ರಮೇಣ ತಿಳಿಯಿತು. ಕಾರಣವಾದ ಫಾಲಿಕ್ಯುಲಿನ್ ವಂಶವಾಹಿ ಸಿಕ್ಕಿದ್ದು 2002ರಲ್ಲಿ. ಮೂಗಿನ ಮೇಲಿನ ಗುಳ್ಳೆ ನೋಡಿ ಹೊಟ್ಟೆಯ ಸ್ಕ್ಯಾನ್ ಬರೆದುಕೊಟ್ಟರೆ ರೋಗಿಗೆ ಅಚ್ಚರಿಯಾಗುವುದು ಸಹಜ. ಆ ಚೀಟಿಯ ಹಿಂದಿನ ತರ್ಕ ಇದು.

ಪೈಲೋಮ್ಯಾಟ್ರಿಕೋಮವೂ ಒಬ್ಬರಿಗೇ ಹಲವು ಬಂದರೆ ವೈದ್ಯರು ಒಂದೆರಡು ವಿಚಿತ್ರವೆನಿಸುವ ಪ್ರಶ್ನೆ ಕೇಳಬಹುದು. ಬಾಗಿಲ ಹಿಡಿ ಹಿಡಿದ ಕೈಯನ್ನು ತಕ್ಷಣ ಬಿಡಲಾಗುತ್ತದೆಯೇ? ಮಯೋಟಾನಿಕ್ ಡಿಸ್ಟ್ರೋಫಿ ಎಂಬ ಸ್ನಾಯುರೋಗದಲ್ಲಿ ಬಿಗಿದ ಮುಷ್ಟಿ ಸಡಿಲಾಗಲು ಹೊತ್ತು ಹಿಡಿಯುತ್ತದೆ, ಮತ್ತು ಅದರೊಂದಿಗೆ ಈ ಗೆಡ್ಡೆಗಳು ಹಲವಾಗಿ ಬರುವುದುಂಟು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ದೊಡ್ಡಕರುಳಿನ ಕ್ಯಾನ್ಸರ್ ಆಗಿತ್ತೇ? ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಉಬ್ಬುಗಳು ನೂರಾರು ಬೆಳೆಯುವ ಗಾರ್ಡ್ನರ್ ಸಿಂಡ್ರೋಮ್‌ನಲ್ಲಿ ಕೆಟ್ಟಿರುವುದು ಎ.ಪಿ.ಸಿ. ಎಂಬ ವಂಶವಾಹಿ. ಅದರ ಕೆಲಸವೇನು ಗೊತ್ತೇ? ಬೀಟಾ-ಕೆಟೆನಿನ್ ದೂತನನ್ನು ಒಡೆಯಲು ನೆರವಾಗುವುದು. ಕರುಳಿನ ಪಾಲಿಪ್ಪೂ ಚರ್ಮದ ಕಲ್ಲೂ ಒಂದೇ ದಾರದ ಎರಡು ತುದಿಗಳು.

ಇನ್ನು ಟ್ರೈಕೋಫಾಲಿಕ್ಯುಲೋಮ. ಇದು ಯಾವ ಕೆಟ್ಟ ಸುದ್ದಿಯನ್ನೂ ತರುವುದಿಲ್ಲ. ಮೂಗಿನ ಹತ್ತಿರ ಒಂದು ಗುಳ್ಳೆ, ನಡುವೆ ರಂಧ್ರ, ಅದರಿಂದ ಹತ್ತಿಯಂಥ ಬಿಳಿ ಕೂದಲ ಸಣ್ಣ ಕುಚ್ಚು. ಒಳಗೆ ನೋಡಿದರೆ ತಾಯಿಬಾಳೆಯ ಸುತ್ತ ಕಂದುಗಳೆದ್ದಂತೆ ಒಂದು ದೊಡ್ಡ ರೋಮಕೂಪದ ಸುತ್ತ ಹತ್ತಾರು ಮರಿಕೂಪಗಳು.

ಹೆಸರು ಗೊತ್ತಾಗುವುದು ಲ್ಯಾಬಿನಲ್ಲಿ

ಇಷ್ಟೊಂದು ಬಗೆ ಓದಿದ ಮೇಲೆ ಕನ್ನಡಿ ಮುಂದೆ ನಿಂತು ತಮ್ಮ ಗುಳ್ಳೆಗೆ ತಾವೇ ಹೆಸರಿಡುವ ಆಸೆ ಆದೀತು. ಸಾಧ್ಯವಿಲ್ಲ. ಹೊರಗಿನಿಂದ ಇವು ಒಂದನ್ನೊಂದು ಅಷ್ಟು ಹೋಲುತ್ತವೆ. ಗಂಟಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪೂರ್ತಿಯೋ ಒಂದು ಚೂರೋ ತೆಗೆದು, ಫಾರ್ಮಲಿನ್ ದ್ರವದಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಹಾಳೆಗಳಾಗಿ ಕೊಯ್ದು, ನೇರಳೆ ಗುಲಾಬಿ ಬಣ್ಣ ಹಾಕಿ ನೋಡುತ್ತಾರೆ. ವರದಿಗೆ ಕೆಲವು ದಿನ ಹಿಡಿಯುವುದು ಈ ಕೆಲಸಗಳಿಂದ. 'ಏನೋ ಇದೆ, ಅದಕ್ಕೇ ತಡ' ಎಂದುಕೊಳ್ಳಬೇಕಿಲ್ಲ.

ಬಯಾಪ್ಸಿ, ಅಂದರೆ ಹೀಗೆ ಚೂರು ತೆಗೆದು ಪರೀಕ್ಷೆ, ಮಾಡಿದರೆ ಗೆಡ್ಡೆ 'ಕೆರಳಿ' ಕ್ಯಾನ್ಸರ್ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸಾಧು ಗೆಡ್ಡೆಗೆ ಚಾಕು ತಾಗಿದ ಮಾತ್ರಕ್ಕೆ ಅದು ಮಾರಕವಾಗುವುದಿಲ್ಲ. ನಿಜವಾದ ಅಪಾಯ ಬೇರೆ ಕಡೆಯಿದೆ: ಗಂಟು ತೆಗೆದು ಪರೀಕ್ಷೆಗೆ ಕಳಿಸದೆ ಬಿಸಾಡುವುದರಲ್ಲಿ, ಹೆಸರೇ ಗೊತ್ತಿಲ್ಲದೆ ಪಾರ್ಲರಿನಲ್ಲಿ ಸುಡಿಸಿಕೊಳ್ಳುವುದರಲ್ಲಿ. ಸುಟ್ಟದ್ದನ್ನು ಮತ್ತೆ ಪರೀಕ್ಷಿಸಲಾಗದು. ಗಂಟು ತೆಗೆಸುವ ಮೊದಲೇ "ಇದನ್ನು ಲ್ಯಾಬಿಗೆ ಕಳಿಸ್ತೀರಾ ಡಾಕ್ಟ್ರೇ?" ಎಂದು ಕೇಳುವುದಕ್ಕೆ ಸಂಕೋಚ ಬೇಡ.

ನರಹುಲಿ ಹೋಗಲೆಂದು ಕಲ್ಯಾಣಿಗೆ ಉಪ್ಪು, ಬೆಲ್ಲ ಹಾಕುವ ಹರಕೆಯಿಂದ ಯಾರಿಗೂ ಹಾನಿಯಿಲ್ಲ. ಸುಣ್ಣ ಹಚ್ಚುವುದು, ಗೇರುಬೀಜದ ಎಣ್ಣೆ ತಾಗಿಸುವುದು, ಕೂದಲೆಳೆ ಬಿಗಿದು ಕಟ್ಟುವುದು ಹಾಗಲ್ಲ. ಚರ್ಮ ಸುಟ್ಟು ಕಲೆ ಉಳಿಯುತ್ತದೆ, ಸೋಂಕು ತಗಲುತ್ತದೆ, ಗಂಟಿನ ಬುಡ ಮಾತ್ರ ಒಳಗೇ ಇರುತ್ತದೆ.

ತೆಗೆಸಲೇಬೇಕೇ?

ಹೆಸರು ಖಚಿತವಾಗಿ, ಸಾಧು ಎಂದು ಗೊತ್ತಾದ ಮೇಲೆ ತೆಗೆಸುವುದು ಬಿಡುವುದು ಬಹುಮಟ್ಟಿಗೆ ನಮ್ಮ ಆಯ್ಕೆ. ನೋಯುತ್ತಿದ್ದರೆ, ಬಾಚಣಿಗೆಗೋ ಕನ್ನಡಕಕ್ಕೋ ತಾಗುತ್ತಿದ್ದರೆ, ಪದೇ ಪದೇ ಕೀವಾಗುತ್ತಿದ್ದರೆ, ನೋಡಲು ಬೇಸರವಾಗುತ್ತಿದ್ದರೆ ತೆಗೆಸಬಹುದು. ಮಕ್ಕಳ ಪೈಲೋಮ್ಯಾಟ್ರಿಕೋಮವನ್ನು ಚಿಕ್ಕದಿರುವಾಗಲೇ ತೆಗೆದರೆ ಹೊಲಿಗೆಯೂ ಚಿಕ್ಕದು, ಗುರುತೂ ಚಿಕ್ಕದು.

ವೈದ್ಯರ ಬಳಿ ಹೋಗುವಾಗ ನಾಲ್ಕು ಸಂಗತಿ ನೆನಪು ಮಾಡಿಕೊಂಡು ಹೋದರೆ ಅವರ ಕೆಲಸ ಸುಲಭ: ಗಂಟು ಯಾವಾಗ ಕಂಡಿತು, ಈಚೆಗೆ ಬೇಗ ಬೆಳೆಯುತ್ತಿದೆಯೇ, ಮೈಮೇಲೆ ಇನ್ನೆಲ್ಲಿ ಇಂಥದ್ದಿದೆ, ಮನೆಯಲ್ಲಿ ಇನ್ನಾರಿಗಿದೆ. ಹಳೆಯ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಅಕ್ಕ ಮಗನ ಹುಟ್ಟುಹಬ್ಬದ ಎರಡು ವರ್ಷಗಳ ಫೋಟೊ ತೋರಿಸಿದ್ದಳು. ಏಳನೆಯದರಲ್ಲಿ ಹುಬ್ಬಿನ ಪಕ್ಕ ಸಾಸಿವೆಯಷ್ಟು ನೆರಳು, ಎಂಟನೆಯದರಲ್ಲಿ ಅವರೆಕಾಳು. ಗೆಡ್ಡೆ ಬೆಳೆದ ವೇಗ ವೈದ್ಯರಿಗೆ ಅಲ್ಲೇ ಕಂಡಿತು. ಈಗ ಆ ಜಾಗದಲ್ಲಿ ಹುಬ್ಬಿನ ಕೂದಲೊಳಗೆ ಮುಚ್ಚಿಹೋದ ಒಂದು ಗೆರೆ ಮಾತ್ರ ಇದೆ.